ಸಂತೋಷ ಖಾತೆಯ ಮಲಕಪ್ಪ

ಪುಣೆಯ ಸ್ವಾರಗೇಟಿನಿಂದ ಬಿಬವೇವಾಡಿಯ ಹೊಲಗಳ ಕಡೆಗೆ ಹೋಗುವ ದಾರಿಯಲ್ಲಿ ಏಕನಾಥ ಶೇಟರ ಟ್ರಂಕಿನ ಕಾರಖಾನೆ ಎಲ್ಲಿದೆಯೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಕಿವಿ ಇದ್ದರೆ ಸಾಕಾಗಿತ್ತು. ಬೆಳಗಾದರೆ ತಗಡು ಬಡಿಯುವ ಸದ್ದು ಶುರುವಾಗಿ, ಊಟದ ಹೊತ್ತಿನಲ್ಲಿ ಒಮ್ಮೆ ಉಸಿರು ತೆಗೆದುಕೊಂಡು, ದೀಪ ಹಚ್ಚುವವರೆಗೆ ನಡೆಯುತ್ತಿತ್ತು. ಟಾಂಗಾದ ಕುದುರೆಗಳು ಆ ಗೋಡೆಯ ಹತ್ತಿರ ಬಂದೊಡನೆ ಚಾಬೂಕಿನ ಹಂಗಿಲ್ಲದೆ ತಾವಾಗಿಯೇ ಓಡುತ್ತಿದ್ದವು. ಇದು ಎರಡನೆಯ ಮಹಾಯುದ್ಧಕ್ಕೆ ಕೆಲವು ವರ್ಷ ಮೊದಲಿನ ಮಾತು. ಆಗ ಪುಣೆಯಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸುವ ತಂದೆ ಹೂವು ಗಿಳಿ ಬಿಡಿಸಿದ ಒಂದು ತಗಡಿನ ಟ್ರಂಕನ್ನು ಜೊತೆಗೆ ಕಳಿಸದಿದ್ದರೆ ಬೀಗರು ತಿಂಗಳುಗಟ್ಟಲೆ ಅದನ್ನೇ ಆಡಿಕೊಳ್ಳುತ್ತಿದ್ದರು.

ಆ ಗದ್ದಲದ ನಡುವೆ, ಬಾಗಿಲ ಪಕ್ಕದ ಬೆಳಕಿನಲ್ಲಿ ಕೂತು, ಮುಚ್ಚಳಗಳ ಮೇಲೆ ಗಿಳಿ ಬರೆಯುತ್ತಿದ್ದವನು ಮಲಕಪ್ಪ. ಗೋಕಾಕದಲ್ಲಿ ಸೋದರಮಾವನ ಕೈಕೆಳಗೆ ಕಟ್ಟಿಗೆಯ ಗೊಂಬೆಗಳಿಗೆ ಬಣ್ಣ ಹಚ್ಚಿ ಕಲಿತವನು. ಮಾವನ ಜೊತೆ ಜಗಳ ತೆಗೆದು ಪುಣೆಗೆ ಬಂದು ತಲೆಗೂದಲು ನೆರೆಯುವಷ್ಟು ಕಾಲವಾಗಿತ್ತು. ತನ್ನ ಗಿಳಿಗಳ ಬಗ್ಗೆ ಅವನಿಗೆ ಇದ್ದ ಅಭಿಮಾನ ಸಣ್ಣದಲ್ಲ. ಊರಲ್ಲಿ ಮದುವೆಯ ಮೆರವಣಿಗೆ ಕಂಡರೆ ಮದುಮಕ್ಕಳನ್ನು ಬಿಟ್ಟು ಹಿಂದೆ ಬರುವ ಕೈಗಾಡಿಯಲ್ಲಿನ ಟ್ರಂಕನ್ನು ನೋಡುತ್ತಿದ್ದ. ಗಿಳಿ ತನ್ನದಾದರೆ ಮದುವೆ ಚೆನ್ನಾಗಿ ನಡೆಯಿತೆಂದು ಹೆಂಡತಿಗೆ ಹೇಳುತ್ತಿದ್ದ. ಬೇರೆಯವರದಾದರೆ ಆ ಹುಡುಗಿಯ ಮುಂದಿನ ಬಾಳಿನ ಬಗ್ಗೆ ಅವನಿಗೆ ಅನುಮಾನ.

ಹೀಗಿರುವಾಗ ಶೇಟರ ಒಬ್ಬನೇ ಮಗ ಮಧುಕರ ಮ್ಯಾಂಚೆಸ್ಟರಿನಿಂದ ಮರಳಿದ. ಅವನನ್ನು ಕಳಿಸಿದ್ದು ತಗಡು ಕತ್ತರಿಸುವ ಯಂತ್ರಗಳನ್ನು ನೋಡಿ ಬರಲಿ ಎಂದು. ಆದರೆ ಅಲ್ಲಿ ಯಂತ್ರಗಳ ಮನೆ ಸಂಜೆಗೆ ಮುಚ್ಚುತ್ತಿತ್ತು, ಉಪನ್ಯಾಸದ ಮನೆ ಸಂಜೆಗೆ ತೆರೆಯುತ್ತಿತ್ತು. ಹೊರಗೆ ಚಳಿ ಬೇರೆ. ಮಧುಕರ ಉಪನ್ಯಾಸಗಳನ್ನು ಕೇಳಿ ಬಂದ. ಕೆಲಸಗಾರನ ಕೈ ಓಡಬೇಕಾದರೆ ಮನಸ್ಸು ಕುಣಿಯಬೇಕು, ಮಾಲಕನಾದವನು ಮೊದಲು ಮನಸ್ಸಿನ ವ್ಯವಸ್ಥೆ ಮಾಡಬೇಕು, ಮಿಕ್ಕದ್ದು ತಾನಾಗಿ ಆಗುತ್ತದೆ ಎಂಬುದು ಅವನು ಕೇಳಿದ್ದರ ಸಾರ.

ಬಂದ ಮೊದಲ ದಿನವೇ ಅವನು ಕಾರಖಾನೆಯಲ್ಲಿ ಟ್ರಂಕುಗಳನ್ನು ನೋಡಲಿಲ್ಲ, ಮುಖಗಳನ್ನು ನೋಡಿದ. ಒಂದೊಂದು ಮುಖದ ಮುಂದೆಯೂ ನಿಂತು, ಬಗ್ಗಿ, ತಲೆ ಅಲ್ಲಾಡಿಸಿದ. ನಂತರ ತಂದೆಯ ಗಾದಿಯ ಹತ್ತಿರ ಬಂದು ಮರಾಠಿಯಲ್ಲಿ ಹೇಳಿದ: "ಅಪ್ಪಾ, ನಮ್ಮ ಜನ ಸಂತೋಷವಾಗಿಲ್ಲ."

ಏಕನಾಥ ಶೇಟರು ಅಡಿಕೆ ಕತ್ತರಿಸುತ್ತಿದ್ದರು. "ಯಾರು ಹೇಳಿದರು?"

"ಯಾರೂ ಹೇಳಬೇಕಾಗಿಲ್ಲ. ಹುಬ್ಬು ಗಂಟಿಕ್ಕಿದೆ, ತುಟಿ ಬಿಗಿದಿದೆ."

"ತಗಡು ಬಡಿಯುವಾಗ ಹುಬ್ಬು ಗಂಟಿಕ್ಕದಿದ್ದರೆ ಕಣ್ಣಿಗೆ ಚೂರು ಬೀಳುತ್ತದೆ," ಎಂದರು ಶೇಟರು. ಆದರೆ ಅವರು ಮರುವಾರ ಹೆಂಡತಿಯ ಜೊತೆ ಕಾಶಿ ಯಾತ್ರೆಗೆ ಹೊರಡುವವರಿದ್ದರು. ಮಗನ ಕೈಗೆ ಕೀಲಿಕೈ ಗೊಂಚಲು ಕೊಟ್ಟು, ಹೊಸ ಯಂತ್ರ ಏನೂ ಕೊಳ್ಳಬೇಡ ಎಂದು ಮಾತ್ರ ಹೇಳಿ ರೈಲು ಹತ್ತಿದರು. ಸಂತೋಷ ಯಂತ್ರವಲ್ಲವಾದ್ದರಿಂದ ಮಧುಕರನಿಗೆ ಅಡ್ಡಿಯೇನೂ ಇರಲಿಲ್ಲ.

ಅವನಿಗೆ ಈಗ ಬೇಕಾಗಿದ್ದದ್ದು ಸಂತೋಷವನ್ನು ನೋಡಿಕೊಳ್ಳುವ ಒಬ್ಬ ಮನುಷ್ಯ. ಮರುದಿನ ಮತ್ತೆ ಮುಖಗಳನ್ನು ನೋಡುತ್ತ ಬಂದ. ಬಡಿಯುವವರು, ಕತ್ತರಿಸುವವರು, ಕೊಂಡಿ ಜೋಡಿಸುವವರು ಎಲ್ಲರದೂ ಅದೇ ಬಿಗಿದ ಮುಖ. ಬಾಗಿಲ ಹತ್ತಿರ ಬಂದಾಗ ಒಂದು ಮುಖದ ಮೇಲೆ ನಗು ಕಂಡಿತು. ಮಲಕಪ್ಪ ಆಗ ಗಿಳಿಯ ಕಣ್ಣಿನೊಳಗೆ ಬಿಳಿ ಚುಕ್ಕೆ ಇಡುತ್ತಿದ್ದ. ಆ ಚುಕ್ಕೆ ಇಡುವಾಗ ಉಸಿರು ಹಿಡಿದು, ತುಟಿಗಳನ್ನು ಎರಡೂ ಕಿವಿಗಳ ಕಡೆಗೆ ಎಳೆದುಕೊಳ್ಳುವುದು ಅವನ ಹಳೆಯ ಅಭ್ಯಾಸ. ಮಧುಕರನಿಗೆ ಅದು ಮುಗುಳ್ನಗೆಯಾಗಿ ತೋರಿತು.

"ಈ ಮನುಷ್ಯನಿಗೆ ಸಂತೋಷದ ಗುಟ್ಟು ಗೊತ್ತಿದೆ," ಎಂದ. "ಇವನನ್ನು ಇಲ್ಲಿಂದ ಎಬ್ಬಿಸಿ."

ಹೀಗೆ ಮಲಕಪ್ಪ ಸಂತೋಷ ಖಾತೆಯ ಇನ್ಸ್‌ಪೆಕ್ಟರ್ ಆದ. ಒಂದು ಕರಿಯ ಕೋಟು, ಒಂದು ಟೋಪಿ, ಗೋದಾಮಿನ ಪಕ್ಕದ ಸಣ್ಣ ಖೋಲಿ, ಖೋಲಿಯಲ್ಲಿ ಎರಡು ಕುರ್ಚಿ. ಪಗಾರವೂ ಏರಿತು. ಕುಂಚ, ಬಣ್ಣದ ಡಬ್ಬಿಗಳನ್ನು ಕೊಂಡಿ ಜೋಡಿಸುವವರ ವಶಕ್ಕೆ ಕೊಟ್ಟರು. ಗಿಳಿಯ ಆಕಾರವನ್ನು ತಗಡಿನಲ್ಲಿ ಕೊರೆದು ಒಂದು ಅಚ್ಚು ಮಾಡಿಸಲಾಯಿತು. ಅಚ್ಚಿಟ್ಟು ಹಸಿರು ಬಳಿದರೆ ಗಿಳಿ ತಯಾರು.

ಮಲಕಪ್ಪನಿಗೆ ದುಃಖವಾಯಿತೆಂದು ಯಾರಾದರೂ ಹೇಳಿದರೆ ಅದು ಸುಳ್ಳು. ಅವತ್ತು ಅವನು ಭವಾನಿ ಪೇಠೆಯ ಸಾಲುಮನೆಗಳ ಚಾಳಿನಲ್ಲಿದ್ದ ತನ್ನ ಮನೆಗೆ ಹೋಗುವಾಗ ನೇರ ದಾರಿ ಬಿಟ್ಟು ಕೋಟು ಎಲ್ಲರಿಗೂ ಕಾಣುವಂತೆ ಸುತ್ತು ಬಳಸಿ ಹೋದ. ಹೆಂಡತಿ ಕಾಶವ್ವ ಬಾಗಿಲಲ್ಲಿ ನಿಂತು ಯಾರೋ ಪರರು ಬಂದರೆಂದು ಸೆರಗು ಸರಿ ಮಾಡಿಕೊಂಡಳು.

"ಏನ್ ಕೆಲಸರಿ ಅದು?" ಎಂದು ಕೇಳಿದಳು, ಕೋಟಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡುತ್ತ.

"ಎಲ್ಲಾರೂ ಖುಷಿಯಿಂದ ಇದ್ದಾರೋ ಇಲ್ಲೋ ಅಂತ ನೋಡೋದು."

"ಅದಕ್ಕ ಪಗಾರ ಕೊಡ್ತಾರ?"

"ಕೊಡ್ತಾರ. ಮೊದಲಿನಕಿಂತ ಜಾಸ್ತಿ."

"ಹಂಗಾದ್ರ ನಾ ಈ ಮನ್ಯಾಗ ಇಷ್ಟ್ ವರ್ಷ ಪುಕ್ಕಟ ಮಾಡಿದೆ ಅನ್ರಿ," ಎಂದಳು ಕಾಶವ್ವ. ಆದರೂ ಮರುದಿನ ನಲ್ಲಿಯ ಹತ್ತಿರ ನೆರೆಯ ಹೆಂಗಸರು ಸಾಹೇಬರ ಹೆಂಡತಿ ಎಂದು ಜಾಗ ಬಿಟ್ಟುಕೊಟ್ಟಾಗ ಆಕೆ ಬೇಡವೆನ್ನಲಿಲ್ಲ.

ಕೆಲಸ ಶುರುವಾಯಿತು. ಒಬ್ಬೊಬ್ಬರನ್ನೇ ಖೋಲಿಗೆ ಕರೆದು, ಎದುರಿನ ಕುರ್ಚಿಯಲ್ಲಿ ಕೂರಿಸಿ, ಸಂತೋಷವಾಗಿದ್ದೀರಾ ಎಂದು ಕೇಳಿ, ಸಂಜೆ ಮಧುಕರನಿಗೆ ವರದಿ ಹೇಳಬೇಕು. ಮೊದಲು ಬಂದವನು ಶಿವಪುತ್ರಪ್ಪ. ಬೈಲಹೊಂಗಲದ ಕಡೆಯವನು, ಬಡಿಯುವವರಲ್ಲಿ ಹಿರಿಯ, ಮಲಕಪ್ಪನ ಜೊತೆ ಒಂದೇ ಚಾಳಿನಲ್ಲಿ ಇರುವವನು. ದಿನವೂ ಇಬ್ಬರೂ ಕೂಡಿ ಬುತ್ತಿ ಬಿಚ್ಚುತ್ತಿದ್ದರು. ಅವನು ಇದುವರೆಗೆ ಆ ಕಾರಖಾನೆಯಲ್ಲಿ ಕುರ್ಚಿಯ ಮೇಲೆ ಕೂತವನಲ್ಲ. ಕೂತವರನ್ನು ಕಂಡಿದ್ದ, ಅವರೆಲ್ಲ ಕೆಲಸ ಬಿಟ್ಟು ಹೋಗಬೇಕಾದವರು. ಅವನ ಮುಖ ಬೂದಿಯಾಯಿತು.

"ನಾ ಏನ್ ತಪ್ಪು ಮಾಡೀನೋ ಮಲಕಪ್ಪ?"

"ತಪ್ಪೇನಿಲ್ಲ. ನೀ ಸಂತೋಷದಿಂದ ಇದ್ದೀಯೇನು ಹೇಳು."

"ಇದ್ದೀನಪಾ. ಭಾಳ ಇದ್ದೀನಿ. ಹೆಂಗ ಬೇಕಂದ್ರ ಹಂಗ ಇದ್ದೀನಿ. ಕೆಲಸದಿಂದ ತಗೀಬ್ಯಾಡಂತ ಹೇಳು ಶೇಟ್ರಿಗೆ."

"ತಗಿಯೂದಿಲ್ಲೋ ಮಾರಾಯಾ. ಏನರ ಬೇಕಾಗಿದ್ರ ಹೇಳು ಅಷ್ಟ."

ಶಿವಪುತ್ರಪ್ಪ ನಂಬಲಿಲ್ಲ. ಬಾಗಿಲ ಕಡೆ ನೋಡಿದ, ಸೂರಿನ ಕಡೆ ನೋಡಿದ. ಕೊನೆಗೆ ದನಿ ತಗ್ಗಿಸಿ, "ಪಡುವಣ ಗೋಡೆಗೆ ಒಂದ್ ಕಿಡಕಿ ಹಾಕಿಸಿದ್ರ ಚಲೋ ಆಗ್ತದ," ಎಂದ. "ಮಧ್ಯಾಹ್ನ ಆದ್ರ ಒಳಗ ಭಟ್ಟಿ ಆಗ್ತದ. ಎದುರಿಗೆ ಬಡಿಯಾವನ ಮಾರಿನೂ ಕಾಣಂಗಿಲ್ಲ."

ಆಮೇಲೆ ಬಂದವರೂ ಮೊದಲು ಭಾಳ ಸಂತೋಷ ಎಂದರು, ಆಮೇಲೆ ಕಿಟಕಿ ಎಂದರು. ಸಂಜೆ ಮಲಕಪ್ಪ ಕೋಟಿನ ಗುಂಡಿ ಹಾಕಿಕೊಂಡು ಮಧುಕರನ ಮುಂದೆ ನಿಂತು ತನ್ನ ಗೋಕಾಕದ ಧಾಟಿಯ ಮರಾಠಿಯಲ್ಲಿ ವರದಿ ಹೇಳಿದ. ಮಧುಕರ ಗಮನವಿಟ್ಟು ಕೇಳಿ, ಕನಿಕರದಿಂದ ನಕ್ಕ.

"ಮಲಕಪ್ಪ, ಕಿಟಕಿ ಎಂಬುದು ಕಟ್ಟಡದ ಪ್ರಶ್ನೆ. ನಿನ್ನ ಖಾತೆ ಮನಸ್ಸಿನದು. ಅವರ ಮನಸ್ಸಿನಲ್ಲಿ ಏನು ಇದೆ ಎಂದು ಕೇಳಿಕೊಂಡು ಬಾ."

"ಅವರ ಮನಸ್ಸಿನ್ಯಾಗ ಕಿಡಕಿನ ಅದ ಶೇಟ್ರ."

"ಅದು ಮೇಲಿನ ಪದರು. ಒಳಗೆ ಹೋಗು."

ಮಲಕಪ್ಪ ಮರುದಿನ ಒಳಗೆ ಹೋದ. ಒಳಗೂ ಕಿಟಕಿಯೇ ಇತ್ತು. ಆದರೆ ಹಾಗೆ ಹೇಳಿದರೆ ತನ್ನ ಹುದ್ದೆಗೆ ಕುಂದೆಂದು ಅವನಿಗೆ ಅಷ್ಟರಲ್ಲಿ ಅರ್ಥವಾಗಿತ್ತು. ಆದ್ದರಿಂದ, ಜನರ ಮನಸ್ಸು ಸ್ವಲ್ಪ ಮುದುಡಿದೆ ಎಂದು ಹೇಳಿದ. ಆ ಮಾತು ಮಧುಕರನಿಗೆ ಬಹಳ ಹಿಡಿಸಿತು.

ಮುದುಡಿದ ಮನಸ್ಸನ್ನು ಅರಳಿಸಲು ಮುಂಬಯಿಯಿಂದ ಗ್ರಾಮೋಫೋನು ಬಂತು. ಅದನ್ನು ಬಡಿಯುವವರ ನಡುವೆ ಒಂದು ಮೇಜಿನ ಮೇಲಿಟ್ಟು, ಕೀಲಿ ಕೊಟ್ಟು, ತಟ್ಟೆ ಹಾಕಿದರು. ತಟ್ಟೆ ತಿರುಗುವುದು ಎಲ್ಲರಿಗೂ ಕಂಡಿತು. ಹಾಡು ಯಾರಿಗೂ ಕೇಳಲಿಲ್ಲ. ಒಂದು ವಾರ ಮಧುಕರ ಹಾಡು ಕೇಳಿಸಲೆಂದು ದಿನವೂ ಆಗಾಗ ಬಡಿಯುವುದನ್ನು ನಿಲ್ಲಿಸಿದ. ಎಲ್ಲರೂ ಸುತ್ತಿಗೆ ಹಿಡಿದು ನಿಂತು ಹಾಡು ಮುಗಿಯುವವರೆಗೆ ಕೇಳಿದರು. ಆ ವಾರ ಟ್ರಂಕು ಕಡಿಮೆಯಾದವು. ಸಂಗೀತದ ಪರಿಣಾಮ ನಿಧಾನವಾಗಿ ಆಗುತ್ತದೆ ಎಂದು ಮಧುಕರ ಹೇಳಿದ.

ನಂತರ ಬಾಗಿಲ ಹತ್ತಿರ ನಿಲುವುಗನ್ನಡಿ ಬಂತು. ಒಳಗೆ ಬರುವಾಗ ಪ್ರತಿಯೊಬ್ಬರೂ ಅದರ ಮುಂದೆ ನಿಂತು ಮುಖದ ಮೇಲೆ ನಗು ತಂದುಕೊಂಡು ಬರಬೇಕು, ಕೆಲಸ ಮಾಡುವಾಗಲೂ ಅದನ್ನು ಇಟ್ಟುಕೊಳ್ಳಬೇಕು. ಇಟ್ಟುಕೊಂಡಿದ್ದಾರೋ ಇಲ್ಲವೋ ಎಂದು ಮಲಕಪ್ಪ ಸಾಲುಗಳ ನಡುವೆ ಓಡಾಡಿ ನೋಡಬೇಕು. ಜನ ಹಲ್ಲು ತೋರಿಸುತ್ತ ತಗಡು ಬಡಿದರು. ಗಮನವೆಲ್ಲ ತುಟಿಯ ಮೇಲೆ ಇದ್ದುದರಿಂದ ಸುತ್ತಿಗೆ ಹೆಬ್ಬೆರಳ ಮೇಲೆ ಬಿತ್ತು. ಬೆರಳು ಬಾತವನೂ ನಗುತ್ತಲೇ ಹೊರಗೆ ಹೋಗಿ, ಬಾವಿಯ ಹತ್ತಿರ ನಿಂತು ತನಗೆ ಗೊತ್ತಿದ್ದ ಬೈಗುಳಗಳನ್ನೆಲ್ಲ ಬೈದು, ಕನ್ನಡಿಯಲ್ಲಿ ನಗು ತಿದ್ದಿಕೊಂಡು ಒಳಗೆ ಬರುತ್ತಿದ್ದ.

ತಿಂಗಳು ತುಂಬಿದಾಗ ಮಧುಕರ ಇನ್ನೂ ಒಂದು ಯೋಜನೆ ಹೇಳಿದ. ಎಲ್ಲರಿಗಿಂತ ಹೆಚ್ಚು ಸಂತುಷ್ಟನಾದ ಕೆಲಸಗಾರನನ್ನು ಆರಿಸಿ ಅವನ ಫೋಟೋ ತೆಗೆಸಿ ಕಾರಖಾನೆಯ ಗೋಡೆಯ ಮೇಲೆ ಹಾಕುವುದು. ಉಳಿದವರು ಅದನ್ನು ನೋಡಿ ಹುರುಪುಗೊಳ್ಳುತ್ತಾರೆ. ಆರಿಸುವ ಭಾರ ಮಲಕಪ್ಪನದು. ಅವನು ಗೆಳೆತನಕ್ಕೆ ಮರ್ಯಾದೆ ಮಾಡಿ ಶಿವಪುತ್ರಪ್ಪನ ಹೆಸರು ಹೇಳಿದ. ಶಿವಪುತ್ರಪ್ಪನನ್ನು ದಂಡು ಪ್ರದೇಶವಾದ ಕ್ಯಾಂಪಿನ ಫೋಟೋ ಅಂಗಡಿಗೆ ಟಾಂಗಾದಲ್ಲಿ ಕರೆದುಕೊಂಡು ಹೋದರು. ದೊಡ್ಡ ಫೋಟೋ ಬಂತು, ಕಟ್ಟು ಹಾಕಿಸಿದರು, ಬಾಗಿಲಿನ ಎದುರುಗೋಡೆಗೆ ಏರಿಸಿದರು. ಗೌರವ ಪೂರ್ತಿಯಾಗಲೆಂದು ಮಧುಕರ ತನ್ನ ಕೈಯಾರೆ ಅದಕ್ಕೆ ಚೆಂಡುಹೂವಿನ ಮಾಲೆ ಹಾಕಿ, ಕೆಳಗೆ ಎರಡು ಊದಿನಕಡ್ಡಿ ಹಚ್ಚಿಸಿದ.

ಆ ದಿನ ಶಿವಪುತ್ರಪ್ಪ ಸಡಗರದಲ್ಲಿ ಬುತ್ತಿ ಮರೆತು ಬಂದಿದ್ದ. ಊಟದ ಹೊತ್ತಿಗೆ ಅವನ ಹೆಂಡತಿ ಚನ್ನಬಸವ್ವ ರೊಟ್ಟಿ ಕಟ್ಟಿಕೊಂಡು ಬಂದಳು. ಬಡಿಯುವ ಸದ್ದು ನಿಂತಿತ್ತು. ಜನರೆಲ್ಲ ಹಿಂದಿನ ಬಾವಿಯಲ್ಲಿ ಕೈ ತೊಳೆಯಲು ಹೋಗಿದ್ದರು. ಬಾಗಿಲಲ್ಲಿ ಕಾಲಿಟ್ಟ ಚನ್ನಬಸವ್ವನಿಗೆ ಕಂಡಿದ್ದು ನಿಶ್ಶಬ್ದವಾದ ಕಾರಖಾನೆ, ಎದುರಿಗೆ ಮಾಲೆ ಹಾಕಿದ ಗಂಡನ ಫೋಟೋ, ಊದಿನಕಡ್ಡಿಯ ಹೊಗೆ.

ಬುತ್ತಿ ಕೈಯಿಂದ ಜಾರಿತು. ಆಕೆ ಅಲ್ಲಿಯೇ ಕುಸಿದು ಕೂತು ಅಳತೊಡಗಿದಳು. "ನನ್ನ ಬಿಟ್ಟು ಹೋದ್ರೇನ್ರಿ ನನ್ನ ಧಣಿ. ಬೆಳಿಗ್ಗೆ ಚಾ ಕುಡದು ಹೋದವ್ರು ಗ್ವಾಡಿ ಮ್ಯಾಲ ಹೋಗಿ ಕುಂತ್ರೇನ್ರಿ. ಒಂದ್ ದಿನಾ ಕೈ ಎತ್ತಲಿಲ್ಲ, ಒಂದ್ ದಿನಾ ಸಾರಿಗೆ ಉಪ್ಪು ಕಡಿಮಿ ಅನ್ನಲಿಲ್ಲ. ನಿಮ್ಮಂಥಾ ಬಂಗಾರದಂಥಾ ಮನಿಷ್ಯಾಗ ನಾ ಎಷ್ಟ್ ಬೈದೆನ್ರಿ."

ಅಳು ಕೇಳಿ ಜನ ಓಡಿಬಂದರು. ಎಲ್ಲರಿಗಿಂತ ಮುಂದೆ ಒದ್ದೆ ಕೈಯಲ್ಲಿ ಶಿವಪುತ್ರಪ್ಪನೇ ಬಂದ. ಹೆಂಡತಿಯ ಬೆನ್ನ ಹಿಂದೆ ನಿಂತವನು ಮೊದಲ ಮಾತಿಗೇ ವಿಷಯ ತಿಳಿದುಕೊಂಡ. ಆದರೆ ಬಂಗಾರದಂಥ ಮನುಷ್ಯ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಅವನಿಗೆ ಅವಸರ ಮಾಡಬೇಕೆನಿಸಲಿಲ್ಲ. ಕೈ ಒರೆಸಿಕೊಳ್ಳುತ್ತ, ತಲೆ ಸ್ವಲ್ಪ ವಾಲಿಸಿ, ಪೂರ್ತಿ ಕೇಳಿದ. ಬದುಕಿರುವಾಗ ಇಷ್ಟು ಹೊಗಳಿಸಿಕೊಳ್ಳುವ ಭಾಗ್ಯ ಯಾರಿಗಿದೆ. ಕೊನೆಗೆ ಮಲಕಪ್ಪನೇ ತಡೆಯಲಾರದೆ, "ಅವ್ವಾ ಚನ್ನಬಸವ್ವ, ಹಿಂದ ತಿರಗಿ ನೋಡು," ಎಂದ.

ಚನ್ನಬಸವ್ವ ತಿರುಗಿ ನೋಡಿದಳು. ಆಮೇಲೆ ಆಕೆ ಗಂಡನಿಗೆ ಆಡಿದ ಮಾತುಗಳನ್ನೂ, ಮಾಲೆ ಹಾಕಿದವನ ವಂಶಕ್ಕೆ ಆಡಿದ ಮಾತುಗಳನ್ನೂ ಇಲ್ಲಿ ಹೇಳುವ ಹಾಗಿಲ್ಲ. ಮಧುಕರನಿಗೆ ಕನ್ನಡ ಬರುತ್ತಿರಲಿಲ್ಲವಾದ್ದರಿಂದ ಆ ಹೆಂಗಸು ಸಂತೋಷ ತಡೆಯಲಾರದೆ ಅಳುತ್ತಿದ್ದಾಳೆಂದು ಮಲಕಪ್ಪ ಹೇಳಿದ್ದನ್ನು ನಂಬಿದ.

ಮರುದಿನದಿಂದ ಯಾರೂ ಹೆಚ್ಚು ಸಂತೋಷ ತೋರಿಸಲು ತಯಾರಿರಲಿಲ್ಲ. ನಗದಿದ್ದರೆ ಖೋಲಿಗೆ ಕರೆಯುತ್ತಾರೆ, ನಕ್ಕರೆ ಗೋಡೆಗೆ ಹಾಕುತ್ತಾರೆ. ಕೊಂಡಿ ಜೋಡಿಸುವವನೊಬ್ಬ ಮಲಕಪ್ಪನ ಕೈ ಹಿಡಿದುಕೊಂಡು, "ನನ್ನ ಹೆಸರು ಹೇಳಬ್ಯಾಡ್ರಿ, ಮನ್ಯಾಗ ಸಣ್ಣ ಮಕ್ಳು ಅದಾವ," ಎಂದು ಬೇಡಿಕೊಂಡ. ಅವನು ಅಲ್ಲಿಯವರೆಗೆ ಮಲಕಪ್ಪನನ್ನು ಲೇ ಎಂದು ಕರೆಯುತ್ತಿದ್ದವನು. ಆ ಬಹುವಚನ ಮಲಕಪ್ಪನಿಗೆ ಚುಚ್ಚಿತು.

ಅದು ಚುಚ್ಚಿದ ಮೇಲೆ ಬೇರೆ ಬೇರೆ ಸಂಗತಿಗಳೂ ಕಣ್ಣಿಗೆ ಬೀಳತೊಡಗಿದವು. ತಾನು ಹತ್ತಿರ ಹೋದರೆ ಮಾತು ನಿಲ್ಲುತ್ತದೆ. ಊಟಕ್ಕೆ ಕೂತರೆ ಪಕ್ಕದವರು ತಮ್ಮ ರೊಟ್ಟಿಯನ್ನು ಸಂತೋಷದಿಂದ ತಿನ್ನುತ್ತಿದ್ದೇವೆ ಎಂಬಂತೆ ತಿನ್ನುತ್ತಾರೆ. ಶಿವಪುತ್ರಪ್ಪ ಹೆಂಡತಿಗೆ ಮಾತು ಕೊಟ್ಟಿರುವೆನೆಂದು ಬೇರೆ ಕಡೆ ಕೂತು ಬುತ್ತಿ ಬಿಚ್ಚುತ್ತಾನೆ. ಖೋಲಿಯಲ್ಲಿ ಕೂತರೆ ಮಾಡಲು ಏನೂ ಇಲ್ಲ. ಎಣ್ಣೆಬಣ್ಣದ ವಾಸನೆ ಗೋಡೆಯ ಆಚೆಯಿಂದ ಬರುತ್ತದೆ, ಕೈ ತಾನಾಗಿ ಮೊಣಕಾಲ ಮೇಲೆ ಬೆರಳಿನಿಂದ ಒಂದು ರೆಕ್ಕೆ ಎಳೆಯುತ್ತದೆ. ಒಮ್ಮೆ ಹೊರಗೆ ಬಂದು ಅಚ್ಚಿನ ಗಿಳಿಗಳನ್ನು ನೋಡಿದ. ಹಸಿರು ಅಂಚಿನಿಂದ ಹೊರಗೆ ಹರಿದು ಎಲ್ಲ ಗಿಳಿಗಳೂ ಬಸುರಿಯಾಗಿದ್ದವು. ಅವನು ಖೋಲಿಗೆ ಮರಳಿದ. ಅದು ಅವನ ಖಾತೆಯಲ್ಲ.

ಮನೆಯಲ್ಲಿ ಕಾಶವ್ವ ಕೇಳಿದಳು: "ಯಾಕ್ರಿ, ಊಟದಾಗ ಮನಸಿಲ್ಲ?"

"ಎಲ್ಲಾರ ಖುಷಿ ನೋಡಿ ನೋಡಿ ಹೊಟ್ಟಿ ತುಂಬ್ಯದ," ಎಂದ ಮಲಕಪ್ಪ.

ಮಾಘದ ಲಗ್ನಗಳು ಹತ್ತಿರ ಬಂದವು. ಒಂದು ಬೆಳಿಗ್ಗೆ ಟಾಂಗಾದಿಂದ ಕೃಷ್ಣಾಬಾಯಿ ಎಂಬಾಕೆ ಇಳಿದರು. ಧಾರವಾಡದವರು. ಗಂಡ ಪುಣೆಯ ಸರಕಾರಿ ಕಚೇರಿಯಲ್ಲಿ ಕಾರಕೂನ. ಹಿರಿಯ ಮಗಳ ಲಗ್ನಕ್ಕೆ ಇಲ್ಲಿಂದಲೇ ಟ್ರಂಕು ಕೊಂಡಿದ್ದರು. ಈಗ ಕಿರಿಯವಳದು. ಹೊಸ ಟ್ರಂಕನ್ನು ಹೊರಗೆ ಬಿಸಿಲಿಗೆ ತರಿಸಿ ಕನ್ನಡಕ ಏರಿಸಿ ನೋಡಿದರು.

"ಇದೇನ್ರಿ ಇದು? ಗಿಳಿನೋ ಬದನೀಕಾಯೋ?"

ಕೊಂಡಿ ಜೋಡಿಸುವವನು ನಗುಮುಖ ಮಾಡಿ ನಿಂತ, ಅದು ನಿಯಮ. ಕೃಷ್ಣಾಬಾಯಿಗೆ ಸಿಟ್ಟು ಏರಿತು. "ನಗ್ತೀರಲಾ. ಹಿರೇಮಗಳ ಟ್ರಂಕಿನ ಮ್ಯಾಲಿನ ಗಿಳಿ ಎದುರು ನಿಂತವರನ್ನ ನೋಡ್ತಿತ್ತು. ಆಕಿ ಅತ್ತಿ ಅದಕ್ಕ ಅಂಜಿ ಟ್ರಂಕ್ ತಗೀತಿರಲಿಲ್ಲ. ಅಂಥಾದ್ದು ಬೇಕು. ಅದನ್ನ ಬರದವ್ರು ಎಲ್ಲಿ ಅದಾರ? ಸತ್ರೇನು?"

ಖೋಲಿಯ ಬಾಗಿಲಲ್ಲಿ ನಿಂತಿದ್ದ ಮಲಕಪ್ಪನಿಗೆ ಇನ್ನು ತಡೆಯಲಾಗಲಿಲ್ಲ. "ಸತ್ತಿಲ್ರಿ ಬಾಯಾರ," ಎಂದು ಮುಂದೆ ಬಂದ. ಕೃಷ್ಣಾಬಾಯಿ ಅವನ ಕೋಟು ಟೋಪಿ ನೋಡಿ ನಂಬಲಿಲ್ಲ. ಮಲಕಪ್ಪ ಟೋಪಿ ತೆಗೆದಿಟ್ಟ. ಒಂದು ಬಟ್ಟೆ ತಂದು ಹಸಿ ಬಣ್ಣವನ್ನು ಒರೆಸಿದ, ಡಬ್ಬಿಗಳನ್ನು ತರಿಸಿದ, ತನ್ನ ಕುಂಚ ಒಣಗಿ ಕಡ್ಡಿಯಾಗಿರುವುದನ್ನು ಕಂಡು ಅದನ್ನು ಹಾಗೆ ಮಾಡಿದವನ ತಾಯಿಯನ್ನು ನೆನೆದ, ಬೇರೆ ಕುಂಚ ಆರಿಸಿಕೊಂಡು ಅಂಗಳದಲ್ಲಿಯೇ ಮಂಡಿಯೂರಿದ.

ಮೊದಲ ಗೆರೆಯನ್ನು ಒರೆಸಿ ಹಾಕಿದ. ಎರಡನೆಯದಕ್ಕೆ ಕೈ ತನ್ನ ದಾರಿ ಹಿಡಿಯಿತು. ಒಳಗೆ ಬಡಿಯುವವರು ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. ಸುಮ್ಮನೆ ನಿಲ್ಲುವ ಜನವಲ್ಲ. ಕೊಕ್ಕು ಉದ್ದವಾಯಿತೆಂದು ಒಬ್ಬ, ಆಗಲಿಲ್ಲವೆಂದು ಇನ್ನೊಬ್ಬ. ಆಮೇಲೆ ಶಿವಪುತ್ರಪ್ಪ ಮುಂದೆ ಬಗ್ಗಿದ.

"ಲೇ ಮಲಕ್ಯಾ, ಕುಂತು ಕುಂತು ನಿನ್ನ ಗಿಳೀಗೂ ಹೊಟ್ಟಿ ಬಂತು ನೋಡು."

"ನಿನ್ನ ಮಾರಿ ಸರಸು, ಬೆಳಕಿಗೆ ಅಡ್ಡ ಆಗ್ತದ. ಗ್ವಾಡಿ ಮ್ಯಾಲಿದ್ದಾಗ ಚಲೋ ಇದ್ದೆ."

ಎಲ್ಲರೂ ನಕ್ಕರು. ಕನ್ನಡಿ ಬಂದ ಮೇಲೆ ಆ ಕಾರಖಾನೆಯಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ. ಒಬ್ಬನಿಗೆ ಕೆಮ್ಮು ಬಂತು. ಕೃಷ್ಣಾಬಾಯಿಯೂ ಸೆರಗು ಬಾಯಿಗೆ ಹಿಡಿದುಕೊಂಡರು. ಮಲಕಪ್ಪ ಕೋಟಿನ ತೋಳಿನಿಂದಲೇ ಕುಂಚ ಒರೆಸಿಕೊಂಡು ಕಣ್ಣಿನ ಚುಕ್ಕೆ ಇಟ್ಟು ಎದ್ದಾಗ, ಗುಂಪಿನ ಹಿಂದೆ ಮಧುಕರ ನಿಂತಿರುವುದು ಕಂಡಿತು. ಜನ ಗಡಬಡಿಸಿ ಚದುರಿದರು. ಕೃಷ್ಣಾಬಾಯಿ ಟ್ರಂಕನ್ನು ಟಾಂಗಾಕ್ಕೆ ಏರಿಸಿಕೊಂಡು, ಗಿಳಿಯ ಕಡೆಗೆ ಒಮ್ಮೆ ನೋಡಿ, ತೃಪ್ತಿಯಿಂದ ಹೊರಟರು.

ಅಂಗಳದಲ್ಲಿ ಇಬ್ಬರೇ ಉಳಿದರು. ಕೋಟಿನ ತೋಳು ಹಸಿರಾಗಿತ್ತು. ಮಲಕಪ್ಪ ಅದನ್ನು ಬೆನ್ನ ಹಿಂದೆ ಇಟ್ಟುಕೊಂಡ. ಕೆಲಸ ಹೋಯಿತೆಂದೇ ಅವನು ತಿಳಿದ.

ಆದರೆ ಮಧುಕರ ಸಿಟ್ಟಾಗಿರಲಿಲ್ಲ. ಅವನು ಬಾಡಿಹೋಗಿದ್ದ. "ಇಷ್ಟು ದಿನ ನಾನು ಏನೆಲ್ಲ ಮಾಡಿದೆ," ಎಂದ. "ಒಬ್ಬನೂ ಹಾಗೆ ನಗಲಿಲ್ಲ. ನೀನು ಈಗ ಏನು ಮಾಡಿದೆ?"

"ಏನೂ ಮಾಡ್ಲಿಲ್ರಿ. ಗಿಳಿ ಬರದೆ."

"ಅಷ್ಟೇ?"

"ಅಷ್ಟರಿ."

ಮಧುಕರ ಬಣ್ಣದ ಡಬ್ಬಿಯ ಪಕ್ಕದ ಖಾಲಿ ಟ್ರಂಕಿನ ಮೇಲೆ ಕೂತ. ಸಣ್ಣ ಶೇಟರು ಎದುರಿಗೆ ಕೂತಿದ್ದಾರೆ, ತಾನು ಇನ್ನೂ ಕೋಟಿನಲ್ಲಿದ್ದಾನೆ. ಖೋಲಿಯ ಅಭ್ಯಾಸಬಲದಿಂದ ಮಲಕಪ್ಪನ ಬಾಯಿಂದ ಆ ಪ್ರಶ್ನೆ ತಾನಾಗಿ ಹೊರಬಿತ್ತು. ಇದುವರೆಗೆ ಅದನ್ನು ಎಲ್ಲರನ್ನೂ ಕೇಳಿದ್ದ, ಇವನೊಬ್ಬನನ್ನು ಬಿಟ್ಟು.

"ನೀವು ಸಂತೋಷದಿಂದ ಇದ್ದೀರೇನ್ರಿ ಶೇಟ್ರ?"

"ನಾನೇ? ಬಹಳ," ಎಂದ ಮಧುಕರ. ಅದನ್ನು ಅವನು ಹೇಳಿದ ರೀತಿ ಖೋಲಿಯ ಕುರ್ಚಿಯಲ್ಲಿ ಕೂತವರೆಲ್ಲ ಹೇಳಿದ ರೀತಿಯೇ ಆಗಿತ್ತು. ಅದು ಅವನ ಕಿವಿಗೂ ಬಿದ್ದಿರಬೇಕು. "ಬೆಳಿಗ್ಗೆ ಬರುತ್ತೇನೆ, ಎಲ್ಲರ ಮುಖ ನೋಡುತ್ತೇನೆ, ಸಂಜೆ ಹೋಗುತ್ತೇನೆ. ಮನೆಯಲ್ಲಿ ಹೆಂಡತಿ ಇವತ್ತು ಏನು ಮಾಡಿದಿರಿ ಎನ್ನುತ್ತಾಳೆ. ಹೇಳುವುದಕ್ಕೆ ಒಂದೂ ಹೊಳೆಯುವುದಿಲ್ಲ."

ಮಲಕಪ್ಪನಿಗೆ ಆ ಹುಡುಗನ ಮೇಲೆ ಮೊದಲ ಸಲ ಮರುಕ ಬಂತು. ಮರುಕದ ಜೊತೆಗೆ, ತನ್ನ ಕೋಟನ್ನು ಬಿಚ್ಚಿಡಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ ಎಂಬ ಲೆಕ್ಕಾಚಾರವೂ ಇತ್ತು. ಅವನು ಒಂದು ಹಾಳಾದ ಮುಚ್ಚಳವನ್ನು ಎಳೆದು ಮಧುಕರನ ಮುಂದಿಟ್ಟು, ಕೈಗೆ ಕುಂಚ ಕೊಟ್ಟ.

"ಒಂದ್ ಎಲಿ ಬರೀರಿ. ಗಿಳಿ ಆಮ್ಯಾಲ."

ಮಧುಕರ ಎಲೆ ಬರೆದ. ಅದು ಎಲೆಯ ಹಾಗಿರಲಿಲ್ಲ. ಒರೆಸಿ ಮತ್ತೆ ಬರೆದ. ಊಟಕ್ಕೆ ಮನೆಯಿಂದ ಡಬ್ಬಿ ಬಂದದ್ದನ್ನೂ ಗಮನಿಸಲಿಲ್ಲ. ಸಂಜೆ ಏಳುವಾಗ ಅಂಗಿಯ ಮೇಲೆ, ಮೂಗಿನ ಮೇಲೆ ಹಸಿರು. ಆ ರಾತ್ರಿ ಅವನು ಹೆಂಡತಿಗೆ ಎಲೆಯ ನರಗಳ ಬಗ್ಗೆ ಬಹಳ ಹೊತ್ತು ಹೇಳಿದನಂತೆ.

ಮರುದಿನವೂ ಬಂದು ಕೂತ. ಅದರ ಮರುದಿನವೂ. ಗ್ರಾಮೋಫೋನಿಗೆ ಕೀಲಿ ಕೊಡುವವರಿಲ್ಲದೆ ತಟ್ಟೆ ನಿಂತಿತು. ಕನ್ನಡಿಯನ್ನು ಯಾರೋ ಗೋಡೆಯ ಕಡೆಗೆ ತಿರುಗಿಸಿಟ್ಟರು. ಶಿವಪುತ್ರಪ್ಪನ ಫೋಟೋವನ್ನು ಚನ್ನಬಸವ್ವ ಹಗಲಿನಲ್ಲೇ ಬಂದು ಇಳಿಸಿಕೊಂಡು ಹೋದಳು. ಮಲಕಪ್ಪ ಹೆಸರಿಗೆ ಸಂತೋಷ ಖಾತೆಯಲ್ಲೇ ಇದ್ದು, ಬಾಗಿಲ ಪಕ್ಕದ ತನ್ನ ಹಳೆಯ ಜಾಗದಲ್ಲಿ ಗಿಳಿ ಬರೆಯತೊಡಗಿದ. ಪಕ್ಕದಲ್ಲಿ ಸಣ್ಣ ಶೇಟರು. ತೊಡಕಾದದ್ದು ಒಂದೇ. ಆ ಬಾಗಿಲಿನ ಬೆಳಕು ಒಬ್ಬನಿಗೆ ಸಾಲುವಷ್ಟಿತ್ತು, ಇಬ್ಬರಿಗೆ ಸಾಲುತ್ತಿರಲಿಲ್ಲ.

"ಇಲ್ಲಿ ಇಷ್ಟು ಕತ್ತಲೆ ಯಾಕೆ?" ಎಂದು ಮಧುಕರ ಒಂದು ಮಧ್ಯಾಹ್ನ ಬೇಸರದಿಂದ ತಲೆಯೆತ್ತಿದ. "ಗಾಳಿಯೂ ಇಲ್ಲ. ಇಂಥ ಜಾಗದಲ್ಲಿ ಮನುಷ್ಯ ಹೇಗೆ ಕೆಲಸ ಮಾಡಬೇಕು?"

ಬಡಿಯುವವರು ಸುತ್ತಿಗೆ ತಗ್ಗಿಸಿ ಒಬ್ಬರನ್ನೊಬ್ಬರು ನೋಡಿದರು. ಅವತ್ತೇ ಗೋಡೆ ಒಡೆಯಲು ಗೌಂಡಿ ಬಂದ. ವಾರ ಕಳೆಯುವುದರೊಳಗೆ ಪಡುವಣ ಗೋಡೆಯಲ್ಲಿ ಒಂದಲ್ಲ, ಸಾಲಾಗಿ ದೊಡ್ಡ ಕಿಟಕಿಗಳಾದವು.

ಫಾಲ್ಗುಣದಲ್ಲಿ ಏಕನಾಥ ಶೇಟರು ಗಂಗಾಜಲದ ತಂಬಿಗೆಗಳ ಜೊತೆ ಮರಳಿದರು. ಒಳಗೆ ಬಂದು ಕಿಟಕಿಗಳನ್ನು ನೋಡಿದರು, ಮಗನ ಮೂಗನ್ನು ನೋಡಿದರು, ಅವನು ಬರೆದಿಟ್ಟ ಗಿಳಿಗಳ ಸಾಲನ್ನು ಬಹಳ ಹೊತ್ತು ನೋಡಿದರು. ಅಡಿಕೆ ಬಾಯಿಗೆ ಹಾಕಿಕೊಂಡರು. ಆ ಟ್ರಂಕುಗಳನ್ನು ಅವರು ದಂಡಿನ ಸಾಮಾನು ಪೂರೈಸುವ ಒಬ್ಬ ಗುತ್ತಿಗೆದಾರನಿಗೆ ಮಾರಿದರು. ಅಲ್ಲಿ ಹೇಗಿದ್ದರೂ ಎಲ್ಲದರ ಮೇಲೆ ಖಾಕಿ ಬಣ್ಣ ಬಳಿಯುತ್ತಾರೆ. ತನ್ನ ಟ್ರಂಕುಗಳಿಗೆ ಸರಕಾರದಿಂದಲೇ ಬೇಡಿಕೆ ಬಂದಿದೆಯೆಂದು ತಿಳಿದು ಮಧುಕರ ಇನ್ನಷ್ಟು ಬರೆದ.

ಸಂತೋಷ ಖಾತೆಯನ್ನು ಮಾತ್ರ ಯಾರೂ ಮುಚ್ಚಲಿಲ್ಲ. ಮಲಕಪ್ಪ ಕೋಟನ್ನೂ ಹುದ್ದೆಯನ್ನೂ ಒಪ್ಪಿಸಿ ಬಿಟ್ಟುಕೊಟ್ಟ ಖೋಲಿಗೆ ಮಧುಕರನ ಹೆಂಡತಿಯ ಅಣ್ಣ ಪ್ರಲ್ಹಾದ ಬಂದ. ಬಿ.ಎ. ಮುಗಿಸಿ ಕೆಲಸ ಹುಡುಕುತ್ತಿದ್ದವನು. ಬೆಳಿಗ್ಗೆ ಬಂದು ಕೇಸರಿ ಪತ್ರಿಕೆ ಓದಿ, ಊಟ ಮಾಡಿ, ಎರಡು ಕುರ್ಚಿಗಳನ್ನು ಕೂಡಿಸಿ ಮಲಗುತ್ತಿದ್ದ. ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಆ ಹುದ್ದೆಯಲ್ಲಿ ಪೂರ್ಣ ಸಂತೃಪ್ತಿ ಪಡೆದವನು ಅವನೊಬ್ಬನೇ.

ಕೋಟು ಹೋದದ್ದಕ್ಕೆ ಕಾಶವ್ವ ಕೆಲವು ದಿನ ಮುನಿಸಿಕೊಂಡಳು. ಪಗಾರ ಹಳೆಯದಕ್ಕೆ ಇಳಿದದ್ದಕ್ಕಿಂತ ನಲ್ಲಿಯ ಹತ್ತಿರ ಮತ್ತೆ ಸರದಿ ನಿಲ್ಲಬೇಕಾದದ್ದು ಆಕೆಗೆ ಹೆಚ್ಚು ನೋವಾಗಿತ್ತು. "ಸಾಹೇಬ್ ಆಗಿ ಕುಂದ್ರಾಕ ಬರ್ಲಿಲ್ಲ ನಿಮಗ," ಎಂದಳು.

"ಬರ್ಲಿಲ್ಲ ಕಾಶೀ," ಎಂದ ಮಲಕಪ್ಪ, ಮತ್ತೊಂದು ರೊಟ್ಟಿಗೆ ಕೈ ಚಾಚುತ್ತ. ಗಂಡ ಮೂರನೆಯ ರೊಟ್ಟಿ ಕೇಳುವುದನ್ನು ಕಂಡು ಆಕೆ ಇನ್ನೊಂದು ರೊಟ್ಟಿ ತಟ್ಟಲು ಕೂತಳು.

ಅವನ ಹೊಸ ತೊಂದರೆ ಬೇರೆಯಾಗಿತ್ತು. ಮಧುಕರ ಪ್ರತಿ ಗಿಳಿ ಮುಗಿದ ಮೇಲೂ ಮುಚ್ಚಳವನ್ನು ಅವನ ಕಡೆಗೆ ತಿರುಗಿಸಿ, ಹೇಗಿದೆ ಎಂದು ಕೇಳುತ್ತಿದ್ದ. ಗಿಳಿಯ ವಿಷಯದಲ್ಲಿ ಮಲಕಪ್ಪನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಕೇಳುವವನು ಮಾಲಕ. ಅವನ ಕಣ್ಣಲ್ಲಿ ಪರೀಕ್ಷೆಗೆ ಕೂತವನ ಆಸೆ. ಶಿವಪುತ್ರಪ್ಪ ಮತ್ತು ಉಳಿದವರು ಸುತ್ತಿಗೆ ಹಿಡಿದು, ಇವನು ಈಗ ಏನು ಹೇಳುತ್ತಾನೋ ಎಂದು ಕಾಯುತ್ತಿದ್ದರು.

ಒಂದು ದಿನ ಮಲಕಪ್ಪ ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದು ಮೇಲಿಂದ ನೋಡಿದ, ಕೆಳಗಿಂದ ನೋಡಿದ, ಸ್ವಲ್ಪ ದೂರ ಹಿಡಿದು ನೋಡಿದ.

"ಈ ಸಲ ಬಾಲ ಬಾಲದ ಹಂಗ ಕಾಣಾಕ ಹತ್ತ್ಯದರಿ," ಎಂದ.